ಖಾಲಿ ಗಾಡಿಯ ತೂಕ

ನಮ್ಮತ್ತೆಯ ಅಂದಾಜು ತಪ್ಪಿತು. ಅಷ್ಟೇ. ಅದಕ್ಕಿಂತ ದೊಡ್ಡ ಸಂಗತಿ ಏನೂ ನಡೆದಿರಲಿಲ್ಲ. ಆದರೆ ಆ ಬುಧವಾರದಿಂದ ನಾನು ಅತ್ತೆಯ ಕೈಗಳನ್ನೇ ಗಮನಿಸತೊಡಗಿದೆ.

ಪ್ರತಿ ಬುಧವಾರ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹತ್ತು ತಿಂಗಳ ಮಗಳನ್ನು ನಾನು ಅತ್ತೆಯ ಕೈಗೆ ಕೊಡುವುದು, ಅವರು ಒಮ್ಮೆ ಮೇಲಕ್ಕೆತ್ತಿ ಅವಳ ತೂಕ ಹೇಳುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಅತ್ತೆ ಎಂಟು ಕಿಲೋ ನೂರು ಎಂದರೆ ಎಂಟು ಕಿಲೋ ನೂರೇ. ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ತಕ್ಕಡಿ ಸ್ವಲ್ಪ ಆಚೀಚೆ ತೋರಿಸಿದರೆ ನರ್ಸಿನ ಕಡೆ ತಿರುಗಿ, "ನಿಮ್ಮ ತಕ್ಕಡೀನ ರಿಪೇರಿಗೆ ಕೊಡಿ" ಎಂದುಬಿಡುತ್ತಿದ್ದರು. ಒಮ್ಮೆ ಆಸ್ಪತ್ರೆಯವರು ನಿಜವಾಗಿಯೂ ಕೊಟ್ಟು ನೋಡಿದರು. ತಪ್ಪಿದ್ದು ತಕ್ಕಡಿಯೇ.

ಆ ಬುಧವಾರ ಅತ್ತೆ ಮಗುವನ್ನು ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು. ಮತ್ತೊಮ್ಮೆ ಎತ್ತಿ ಎದೆಗೆ ಒತ್ತಿಕೊಂಡರು.

"ಏನೇ ಇದು! ಒಂಬತ್ತು ದಾಟಿದಾಳಲ್ಲೇ. ಒಂದೇ ವಾರಕ್ಕೆ! ಏನು ತಿನ್ನಿಸ್ತಿದೀಯ, ಕಲ್ಲಾ?"

ಮಗು ಸಣ್ಣಗಿದೆ, ಸೊರಗಿದೆ ಎಂದು ದಿನಕ್ಕೆ ಹತ್ತು ಸಲ ಕೊರಗುವವಳು ನಾನು. ಖುಷಿಯಿಂದ ಬಚ್ಚಲಿನ ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ಎಳೆದುಕೊಂಡು ಬಂದೆ. ಮಗುವನ್ನೆತ್ತಿಕೊಂಡು ನಿಂತೆ. ಅವಳನ್ನು ಕೆಳಗೆ ಕೂರಿಸಿ ಒಬ್ಬಳೇ ನಿಂತೆ. ಒಂದರಿಂದ ಇನ್ನೊಂದನ್ನು ಕಳೆದೆ. ಎಂಟು ಕಿಲೋ ಇನ್ನೂರು. ಮೂರು ಸಲ ನಿಂತಿಳಿದರೂ ಅಷ್ಟೇ.

ಮಗುವಿನ ತೂಕ ಹೆಚ್ಚಿರಲಿಲ್ಲ. ಅತ್ತೆಗೆ ಮಗು ಭಾರವಾಗಿತ್ತು.

ಅತ್ತೆಗೆ ಅದನ್ನು ಹೇಳಲಿಲ್ಲ. ಹೇಳುವುದು ಹೇಗೆ? ಅಂದಾಜು ತಪ್ಪಿತು ಎಂದು ಅವರಿಗೆ ಹೇಳುವುದೂ ಒಬ್ಬ ಹಾಡುಗಾರನಿಗೆ ನಿನಗೆ ಕಿವಿ ಕೇಳುವುದಿಲ್ಲ ಎಂದು ಹೇಳುವುದೂ ಒಂದೇ. ಮೂವತ್ತೊಂದು ವರ್ಷ ವೇಬ್ರಿಡ್ಜಿನಲ್ಲಿ ಕೂತು ಲಾರಿಗಳನ್ನು ತೂಗಿದವರು ಅವರು. ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಕಟ್ಟೆ, ಪಕ್ಕದಲ್ಲಿ ಒಂದು ಮೇಜು ಒಂದು ಕುರ್ಚಿ ಹಿಡಿಸುವಷ್ಟು ಕೋಣೆ, ಅದಕ್ಕೊಂದು ಕಿಟಕಿ. ಲಾರಿ ಮೊದಲು ಖಾಲಿ ಬರಬೇಕು, ಆಮೇಲೆ ತುಂಬಿಕೊಂಡು ಬರಬೇಕು. ಎರಡರ ನಡುವಿನ ವ್ಯತ್ಯಾಸವೇ ಸರಕಿನ ತೂಕ. ಚಾಲಕರು ಮಾಡದ ಚೇಷ್ಟೆಯಿಲ್ಲ. ಒಬ್ಬ ಹಿಂದಿನ ಚಕ್ರವನ್ನು ಕಟ್ಟೆಯಿಂದ ಅರ್ಧ ಆಚೆಗಿಟ್ಟು ನಿಲ್ಲಿಸುವನು, ಇನ್ನೊಬ್ಬ ಸೀಟಿನ ಕೆಳಗೆ ನೀರಿನ ಕ್ಯಾನು ಬಚ್ಚಿಡುವನು. ಅತ್ತೆ ಮುಳ್ಳು ನೋಡುವ ಮೊದಲೇ ಲಾರಿಯ ಟೈರು ನೋಡುತ್ತಿದ್ದರು. ಟೈರು ಎಷ್ಟು ಕೂತಿದೆ ಎಂಬುದರ ಮೇಲೆಯೇ ತೂಕ ಹೇಳಿಬಿಡುತ್ತಿದ್ದರು. ಲಾರಿಯವರು ಅವರಿಗೆ ಇಟ್ಟ ಹೆಸರು ತೂಕದಮ್ಮ.

ನಮ್ಮ ಮಾವ ಅವರ ಕಣ್ಣಿಗೆ ಬಿದ್ದದ್ದೇ ಹೀಗೆ ಸಿಕ್ಕಿಬಿದ್ದು. ಖಾಲಿ ಗಾಡಿ ತೂಗಿಸುವಾಗ, ಆಮೇಲೆ ಸರಕಿನ ಲೆಕ್ಕ ಕಡಿಮೆ ಬರಲೆಂದು, ಇಬ್ಬರು ಗೆಳೆಯರನ್ನು ಸೀಟಿನ ಹಿಂದೆ ಗೋಣಿಚೀಲ ಹೊದಿಸಿ ಮಲಗಿಸಿದ್ದರಂತೆ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಡ್ರೈವರೇ, ಖಾಲಿ ಅಂದ್ರಲ್ಲ, ಹಿಂದೆ ಎರಡು ಮೂಟೆ ಉಸಿರಾಡ್ತಿವೆ, ಇಳಿಸಿ" ಅಂದರಂತೆ. ಆಮೇಲೆ ಮಾವ ವಾರಕ್ಕೊಮ್ಮೆ ಸರಕಿಲ್ಲದಿದ್ದರೂ ಬಂದು ಗಾಡಿ ತೂಗಿಸತೊಡಗಿದರು. "ತೂಗಿಸಿ ತೂಗಿಸಿ ಕೊನೆಗೆ ಕಟ್ಟಿಕೊಂಡ್ರು" ಎಂದು ಅತ್ತೆ ನಗುತ್ತಾರೆ. ಆ ಮಾವ ಏಳು ವರ್ಷದ ಹಿಂದೆ ಲಾರಿಯಲ್ಲೇ ಹೋದರು. ಗಾಡಿಯನ್ನು ಒಪ್ಪವಾಗಿ ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದರು. ಎದೆ. ಎರಡು ವರ್ಷದ ಹಿಂದೆ ಅತ್ತೆಯ ಎದೆಯೂ ಕಾರಣವಿಲ್ಲದೆ ಓಡತೊಡಗಿದಾಗ ಡಾಕ್ಟರು ಅದನ್ನು ನಿಧಾನ ಮಾಡಲು ದಿನಕ್ಕೊಂದು ಬಿಳಿ ಮಾತ್ರೆ ಬರೆದುಕೊಟ್ಟರು.

ಅತ್ತೆಗೆ ಕಂಪ್ಯೂಟರ್ ಗೇಮಿನ ಹುಚ್ಚು ಹಿಡಿದದ್ದು ಆಮೇಲೆ. ಮೊದಲು ಅದು ನನ್ನ ಗಂಡನ ಹುಚ್ಚು. ಆಕಾಶದಾಚೆ ಪುಟ್ಟ ಪುಟ್ಟ ಯುದ್ಧನೌಕೆಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಸುಡುವ ಆಟ. ಮಗು ಹುಟ್ಟಿದ ಮೇಲೆ, ಶೀತಲ ಗೋದಾಮಿನಲ್ಲಿ ಅವರಿಗೆ ಬೆಳಗಿನ ಪಾಳಿಯೂ ಬಿದ್ದ ಮೇಲೆ ಕಂಪ್ಯೂಟರ್ ಮೇಲೆ ಬಟ್ಟೆ ಬಿತ್ತು. ರಜೆಯ ಒಂದು ದಿನ ಬಟ್ಟೆ ಸರಿಸಿ ಆಡುತ್ತಿದ್ದ ಮಗನ ಹೆಗಲ ಮೇಲಿಂದ ಬಗ್ಗಿ ನೋಡಿದ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಇದರ ಖಾಲಿ ತೂಕ ಎಷ್ಟೋ?"

ಆ ಆಟದಲ್ಲಿ ನೌಕೆಯನ್ನು ನಾವೇ ಕಟ್ಟಬೇಕು. ಎಂಜಿನ್, ಬಂದೂಕು, ಇಂಧನದ ತೊಟ್ಟಿ, ಹೊಡೆತ ತಡೆಯುವ ಕವಚ, ಪ್ರತಿಯೊಂದಕ್ಕೂ ಪಕ್ಕದಲ್ಲಿ ತೂಕ ಬರೆದಿರುತ್ತದೆ. ಅದನ್ನು ಕಂಡದ್ದೇ ತಡ, ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಅಂದಿನಿಂದ ಮಧ್ಯಾಹ್ನದ ಹೊತ್ತು ನಮ್ಮ ಮನೆಯ ಚಿತ್ರ ಇದು: ತೊಟ್ಟಿಲಿನ ಹಗ್ಗ ಅತ್ತೆಯ ಕಾಲ್ಬೆರಳಿಗೆ, ಕೈಗಳು ಮೌಸಿನ ಮೇಲೆ, ಕಣ್ಣು ನಕ್ಷತ್ರಗಳ ನಡುವೆ.

"ಒಲೆ ಒಂದೇ ಕಣೇ," ಎಂದು ಅತ್ತೆ ಅಡುಗೆಮನೆಯಲ್ಲಿ ನನಗೆ ಪಾಠ ಹೇಳಿದ್ದರು. "ಅದರ ಉರೀನ ಎಂಜಿನ್ನಿಗೆ ಕೊಟ್ರೆ ಕವಚಕ್ಕಿಲ್ಲ. ಕವಚಕ್ಕೆ ಕೊಟ್ರೆ ಬಂದೂಕಿಗಿಲ್ಲ. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕೊಟ್ಟೋನು ಎಲ್ಲರ ಕೈಲೂ ಏಟು ತಿಂತಾನೆ."

ಮೂಲೆಯಲ್ಲಿದ್ದ ಕಸಬರಿಗೆಯನ್ನು ನನ್ನ ಕೈಗಿತ್ತು ತುದಿ ಹಿಡಿದು ತಿರುಗಿಸಲು ಹೇಳಿದರು. ಆಮೇಲೆ ನಡುವೆ ಹಿಡಿದು.

"ನೋಡಿದ್ಯಾ? ಭಾರ ತುದೀಲಿದ್ರೆ ತಿರುಗೋಕೂ ಹೊತ್ತು, ತಿರುಗಿದ್ದು ನಿಲ್ಲೋಕೂ ಹೊತ್ತು. ಅದಕ್ಕೇ ಇಂಧನದ ತೊಟ್ಟೀನ ಹೊಟ್ಟೆ ಹತ್ರ ತಂದಿಟ್ಟಿದೀನಿ."

"ಅಲ್ಲಿಗೇ ಏಟು ಬಿದ್ರೆ?"

"ಬಿದ್ರೆ ಮುಗೀತು. ಒಂದೇ ಏಟಿಗೆ ಭಸ್ಮ. ಬೀಳಬಾರದು ಅಷ್ಟೇ."

"ಕವಚ ಹಾಕ್ಕೊಳ್ಳಿ ಅತ್ತೆ."

"ನೀನೊಬ್ಬಳು ಪುಕ್ಕಲಿ! ಆ ಮಾಸ್ಟ್ರೂ ಇದನ್ನೇ ಹೇಳ್ತಾರೆ."

ಮಾಸ್ಟ್ರು ಎಂದರೆ ಅವರ ತಂಡದ ನಾಯಕರು, ಬೇರೆ ಊರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಮುಖ ನಾವು ನೋಡಿಲ್ಲ, ಕಂಪ್ಯೂಟರಿನಿಂದ ಬರುವ ಗೊಗ್ಗರು ದನಿ ಮಾತ್ರ ಗೊತ್ತು. ಮೂರನೆಯವಳು ಪಾರ್ಲರಿನಲ್ಲಿ ಕೇಶವಿನ್ಯಾಸ ಮಾಡುವ ಹುಡುಗಿ, ಕೆಟ್ಟ ನೌಕೆಗಳನ್ನು ರಿಪೇರಿ ಮಾಡುವುದು ಅವಳ ಪಾಲು. ಪಂದ್ಯದಲ್ಲಿ ಮೂರೂ ನೌಕೆ ಸೇರಿ ಇಷ್ಟೇ ಟನ್ ಎಂದು ಮಿತಿ ಇರುತ್ತದೆ. ಮಾಸ್ಟ್ರ ನೌಕೆ ಕೋಟೆಯಂಥದ್ದು; ದಪ್ಪ ಕವಚ, ಎತ್ತಿನ ನಡಿಗೆ. ಅದು ನುಂಗಿ ಉಳಿಸಿದ ತೂಕದಲ್ಲಿ ಅತ್ತೆ ತಮ್ಮದನ್ನು ಕಟ್ಟಬೇಕು.

"ತೂಕದಮ್ಮ, ಒಂದು ತೆಳು ಕವಚ ಆದ್ರೂ ಹಾಕಿ, ನನ್ನ ಎದೆ ಹೊಡ್ಕೊಳ್ಳುತ್ತೆ" ಎಂದು ಮಾಸ್ಟ್ರು ಗೋಗರೆಯುತ್ತಿದ್ದರು.

"ತೆಳು ಕವಚ ಮೋಸ ಮಾಸ್ಟ್ರೇ. ಒಂದೇಟು ತಡೆಯುತ್ತೆ, ಎರಡನೇದಕ್ಕೆ ಹರಿಯುತ್ತೆ. ತೂಕ ಮಾತ್ರ ಪಂದ್ಯ ಮುಗಿಯೋವರೆಗೂ ಹೊರಬೇಕು. ಏಟು ತಿನ್ನೋಕೆ ಕವಚ ಬೇಕು. ತಿನ್ನದೇ ಇರೋಕೆ ಕೈ ಸಾಕು."

ತಮ್ಮ ನೌಕೆಗೆ ಅತ್ತೆ ಇಟ್ಟ ಹೆಸರು ಖಾಲಿ ಗಾಡಿ. ಕವಚವಿಲ್ಲ, ಒಂದೇ ಸಣ್ಣ ಬಂದೂಕು, ಉಳಿದದ್ದೆಲ್ಲ ಎಂಜಿನ್. ಪರದೆಯ ಮೇಲೆ ಅದು ಯಾವತ್ತೂ ನೇರ ಹೋದದ್ದನ್ನು ನಾನು ನೋಡಿಲ್ಲ. ನೊಣದಂತೆ ಅದು ಅಲ್ಲಿ ತಿರುಗಿ ಇಲ್ಲಿ ತಿರುಗುವುದನ್ನು ನೋಡಿ ನನಗೇ ತಲೆ ಸುತ್ತು ಬರುತ್ತಿತ್ತು. ಗುಂಡುಗಳು ಅದು ಒಂದು ಕ್ಷಣದ ಹಿಂದೆ ಇದ್ದ ಜಾಗಕ್ಕೆ ಬಂದು ಬೀಳುತ್ತಿದ್ದವು.

ಗುರುವಾರ ಸಂಜೆ ಮಗಳ ಅಂಗಿಗೆ ಗುಂಡಿ ಹೊಲಿಯೋಣವೆಂದು ಅತ್ತೆಯ ಗುಂಡಿ ಡಬ್ಬಿ ತೆಗೆದೆ. ಬಣ್ಣಬಣ್ಣದ ಗುಂಡಿಗಳ ನಡುವೆ ಬಿಳಿಯವು ಒಂಬತ್ತು. ಮುಟ್ಟಿದರೆ ಬೆರಳಿಗೆ ಪುಡಿ ಹತ್ತಿತು. ಪ್ರತಿ ಭಾನುವಾರ ವಾರದ ಮಾತ್ರೆಗಳನ್ನು ಖಾನೆ ಖಾನೆಯ ಡಬ್ಬಿಗೆ ತುಂಬುವವಳು ನಾನು. ಪ್ರತಿದಿನ ಖಾನೆ ಖಾಲಿಯಾದದ್ದನ್ನು ನೋಡಿ ನೆಮ್ಮದಿಯಾಗುತ್ತಿದ್ದವಳೂ ನಾನೇ.

"ಅತ್ತೆ, ಇದೇನು?"

"ಗುಂಡಿ."

"ಗುಂಡಿಗೆ ತೂತಿರುತ್ತೆ ಅತ್ತೆ."

ಅವರು ಮಗುವಿನ ಬಾಯಿ ಒರೆಸುತ್ತಿದ್ದರು. ಒರೆಸಿ ಮುಗಿಸಿ, ಬಟ್ಟೆ ಮಡಚಿ, ಆಮೇಲೆ ನನ್ನನ್ನು ನೋಡಿದರು.

"ಅದು ತಗೊಂಡ್ರೆ ಕೈ ಹಿಂದೆ ಬೀಳುತ್ತೆ ಕಣೇ. ಕಣ್ಣು ನೋಡಿರುತ್ತೆ, ಕೈ ಇನ್ನೂ ಬಂದಿರಲ್ಲ. ಬೇರೆಯವರಿಗೆ ಅಷ್ಟು ತಡ ಆದ್ರೆ ಕವಚ ತಡ್ಕೊಳ್ಳುತ್ತೆ. ನನ್ನ ಗಾಡಿಗೆ ಏನಿದೆ?"

"ಗಾಡಿಗೆ ಇಲ್ಲದಿದ್ರೆ ಹೋಗ್ಲಿ. ನಿಮಗೆ ಏನಿದೆ?"

ಕೇಳಿದ ಮೇಲೆ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅತ್ತೆ ಸಿಟ್ಟಾಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

"ಶನಿವಾರ ಕೊನೇ ಪಂದ್ಯ. ಭಾನುವಾರದಿಂದ ನುಂಗ್ತೀನಿ. ನಿನ್ನ ಗಂಡನಿಗೆ ಹೇಳಿದ್ರೆ ಈ ಕಂಪ್ಯೂಟರ್ ಇವತ್ತೇ ಗೋಣಿಚೀಲ ಸೇರುತ್ತೆ. ಮೂವತ್ತೊಂದು ವರ್ಷ ಬೇರೆಯವರ ಗಾಡಿ ತೂಗಿದೀನಿ. ಇದೊಂದು ನಾನು ಕಟ್ಟಿದ್ದು. ಎರಡು ದಿನ ಬಾಯಿಗೆ ಬೀಗ ಹಾಕ್ಕೋ, ನನ್ನ ಪುಣ್ಯಾತ್ಗಿತ್ತಿ."

ನಾನು ಆಯ್ತು ಎಂದೆ.

ಯಾಕೆ ಎಂದೆ? ಅತ್ತೆಯ ಮೇಲಿನ ಪ್ರೀತಿಗೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಬೇರೆ. ಹೆರಿಗೆ ರಜೆ, ಅದಕ್ಕೆ ಸೇರಿಸಿಕೊಂಡ ಸಂಬಳವಿಲ್ಲದ ರಜೆ ಎಲ್ಲ ಮುಗಿದು ಒಂದು ತಿಂಗಳಾಗಿತ್ತು. ಡಾಕ್ಟರ ಹತ್ತಿರ ಹೋದರೆ ಅವರು ಮಗುವನ್ನು ಎತ್ತಬೇಡಿ ಎನ್ನುತ್ತಾರೆ. ಆಗ ಮಗುವನ್ನು ನೋಡಿಕೊಳ್ಳುವವರು ಯಾರು? ಆ ಲೆಕ್ಕ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಓಡಿಹೋಯಿತು. ಅತ್ತೆ ಮಾತ್ರೆ ಬಿಟ್ಟು ಕೈ ಉಳಿಸಿಕೊಂಡರು. ನಾನು ಬಾಯಿ ಮುಚ್ಚಿ ಕೆಲಸ ಉಳಿಸಿಕೊಂಡೆ. ಎರಡು ಖಾಲಿ ಗಾಡಿಗಳು ಒಂದೇ ಮನೆಯಲ್ಲಿ.

ನನ್ನ ಕೆಲಸ ಯಾವುದೆಂದರೆ, ಔಷಧದ ಪೆಟ್ಟಿಗೆಯೊಳಗೆ ಮಡಚಿ ಇಡುವ ಚೀಟಿಗಳ ಕರಡು ತಿದ್ದುವುದು. ಇರುವೆ ಸಾಲಿನಂಥ ಅಕ್ಷರ. ಊರವರು ಯಾರೂ ಓದದ ಅಡ್ಡಪರಿಣಾಮಗಳನ್ನೆಲ್ಲ ಓದಿ, ಪ್ರತಿಯೊಂದೂ ನನಗೇ ಇದೆ ಎಂದುಕೊಂಡು ಮನೆಗೆ ಬರುವವಳು ನಾನು. ಶುಕ್ರವಾರ ಮೇಜಿನ ಮೇಲೆ ಹತ್ತು ಚೀಟಿಗಳ ಕಟ್ಟು ಇತ್ತು. ಆರನೆಯದು ಅದೇ ಜಾತಿಯ ಮಾತ್ರೆಯದು. "ವೈದ್ಯರನ್ನು ಕೇಳದೆ ಇದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು." ಎಷ್ಟು ವರ್ಷದಿಂದ ಈ ಸಾಲಿನ ಕೊನೆಗೆ ಚುಕ್ಕಿ ಇದೆಯೇ ಎಂದು ನೋಡಿ ಮುಂದೆ ಹೋಗಿದ್ದೇನೋ. ಅವತ್ತು ಮುಂದಿನ ಸಾಲಿಗೆ ಕಣ್ಣು ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಏನಿದೆ ಎಂದು ನನಗೆ ಬಾಯಿಪಾಠ ಬರುತ್ತಿತ್ತು.

ಗಂಟೆಗೊಮ್ಮೆ ಮನೆಗೆ ಫೋನ್ ಮಾಡಿದೆ.

"ಮಗೂನ ಎತ್ಕೋಬೇಡಿ ಅತ್ತೆ. ಚಾಪೆ ಮೇಲೇ ಬಿಡಿ."

"ಎತ್ಕೊಳ್ದೆ ಇನ್ನೇನು, ಕ್ರೇನ್ ತರಿಸ್ಲಾ?"

"ಬಿಸಿಲಿಗೆ ಅಂತ ಮೇಲೆ ಕರ್ಕೊಂಡು ಹೋಗ್ಬೇಡಿ."

"ಹೋಗಿ ಬಂದಾಯ್ತು."

ನಮ್ಮ ಮನೆಯಿಂದ ತಾರಸಿಗೆ ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದನೆಯದರಲ್ಲಿ ಮೂಲೆ ಒಡೆದಿದೆ. ಫೋನ್ ಇಟ್ಟ ಮೇಲೆ ನನ್ನ ಕಣ್ಣೆದುರು ಆ ಒಡೆದ ಮೂಲೆ ಒಂದೇ. ಅತ್ತೆ ಅಲ್ಲಿ ನಿಲ್ಲುತ್ತಾರೆ. ಕೈ ಸಡಿಲವಾಗುತ್ತದೆ. ಅಲ್ಲಿಂದ ಮುಂದಕ್ಕೆ ನಾನು ಯೋಚಿಸುತ್ತಿರಲಿಲ್ಲ, ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡುತ್ತಿದ್ದೆ.

ಶನಿವಾರ ನನಗೆ ರಜೆ. ಗಂಡ ಪಾಳಿಗೆ ಹೋಗಿದ್ದರು. ಹನ್ನೊಂದು ಗಂಟೆಗೆ ಪಂದ್ಯ, ಮೂರು ಸುತ್ತು. ಅತ್ತೆ ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಹಳೆಯ ಕೆಲಸಕ್ಕೆ ಹೊರಟವರಂತೆ ಕುರ್ಚಿಯಲ್ಲಿ ಕೂತರು. ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತೆ. ಪರದೆ ನೋಡಲಿಲ್ಲ. ಅತ್ತೆಯ ಕತ್ತಿನ ಪಕ್ಕದಲ್ಲಿ ಮಿಡಿಯುವ ನರ ನೋಡುತ್ತಿದ್ದೆ.

ಮೊದಲ ಸುತ್ತು ಗೆದ್ದರು. ಎದುರಾಳಿಗಳಲ್ಲಿ ಇಬ್ಬರನ್ನು ಖಾಲಿ ಗಾಡಿ ಕೋಟೆಯ ಬಾಯಿಗೆ ಆಡಿಸಿಕೊಂಡು ಬಂತು, ಮಾಸ್ಟ್ರು ಕೂತಲ್ಲಿಂದಲೇ ಸುಟ್ಟರು. "ತೂಕದಮ್ಮ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು!" ಎಂದು ಗೊಗ್ಗರು ದನಿ ಕೂಗಿತು. "ಹಾಕ್ಬೇಡಿ, ಭಾರ" ಎಂದರು ಅತ್ತೆ. ಎರಡನೆಯ ಸುತ್ತಿನಲ್ಲಿ ಎದುರಾಳಿಗಳು ಮೂರೂ ಮಂದಿ ಕೋಟೆಯನ್ನೇ ಮುತ್ತಿದರು. ಕೋಟೆ ತಿರುಗುವಷ್ಟರಲ್ಲಿ ಬೆನ್ನು ಸುಟ್ಟುಹೋಗಿತ್ತು. ಸೋಲು.

ನಡುವೆ ಹತ್ತು ನಿಮಿಷ ಬಿಡುವು. ಅತ್ತೆ ನೀರು ಕುಡಿಯಲು ಎದ್ದು ಬಂದರು. ಫ್ಯಾನ್ ತಿರುಗುತ್ತಿದ್ದರೂ ಮೇಲ್ದುಟಿಯ ಮೇಲೆ ಬೆವರಿನ ಸಾಲು. ಲೋಟ ಇಟ್ಟು, ಎರಡೂ ಕೈ ಚಾಚಿದರು.

"ಕೊಡು ಇಲ್ಲಿ ನನ್ನ ಎಂಟು ಕಿಲೋನ. ಎತ್ಕೊಂಡ್ರೆ ಕೈ ಹಗುರ ಆಗುತ್ತೆ."

ಎಂಟು ಕಿಲೋ ಎಂದರು. ಒಂಬತ್ತು ಎನ್ನಲಿಲ್ಲ. ಬುಧವಾರವೇ ಅವರಿಗೆ ಗೊತ್ತಾಗಿತ್ತು ಎಂದು ಆಗ ನನಗೆ ಹೊಳೆಯಿತು. ಟೈರು ನೋಡಿ ತೂಕ ಹೇಳುವವರಿಗೆ ತಮ್ಮ ತೋಳು ಕೂತದ್ದು ಗೊತ್ತಾಗದೇ ಇರುತ್ತದೆಯೇ?

ನಾನು ಮಗುವನ್ನು ಇನ್ನೊಂದು ಸೊಂಟಕ್ಕೆ ತಿರುಗಿಸಿಕೊಂಡೆ.

"ಬೇಡ ಅತ್ತೆ. ಈಗಷ್ಟೇ ಹಾಲು ಕುಡಿದಿದಾಳೆ."

"ಕೊಡಲ್ವಾ?"

ಅತ್ತೆಯ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು, ಅವರು ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. "ಸರಿ" ಎಂದು ಕೈ ಕೆಳಗಿಳಿಸಿ ಒಳಗೆ ಹೋದರು. ಮದುವೆಯಾಗಿ ಬಂದಮೇಲೆ ಅತ್ತೆಗೆ ಎದುರಾಡಿದ್ದೇನೆ, ಮುಖ ಊದಿಸಿಕೊಂಡಿದ್ದೇನೆ. ಮಗುವನ್ನು ಕೊಡದೆ ನಿಂತದ್ದು ಅದೇ ಮೊದಲು.

ಮೂರನೆಯ ಸುತ್ತು ಶುರುವಾಯಿತು. ಈ ಸಲ ನಾನು ಪರದೆ ನೋಡಿದೆ. ಅತ್ತೆಯ ಕತ್ತು ನೋಡಲು ಧೈರ್ಯ ಸಾಲಲಿಲ್ಲ. ಖಾಲಿ ಗಾಡಿ ಎಡಕ್ಕೆ ಹೊರಳಿತು, ಕೆಳಕ್ಕೆ ಮುಳುಗಿತು, ಎದುರಾಳಿಯೊಬ್ಬನ ಹಿಂದೆ ಎದ್ದು ಅವನ ಎಂಜಿನ್ನಿಗೆ ಎರಡು ಗುಂಡು ಇಳಿಸಿತು. ಮಾಸ್ಟ್ರು ಏನೋ ಕೂಗಿದರು. ಮತ್ತೆ ಬಲಕ್ಕೆ ಹೊರಳಿತು.

ಆಮೇಲೆ ಅದು ನೇರವಾಗಿ ಹೋಗತೊಡಗಿತು.

ನನಗೆ ಆಟ ಬರುವುದಿಲ್ಲ. ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದೂ ಗೊತ್ತಿಲ್ಲ. ಆದರೆ ಆ ಗಾಡಿ ನೇರ ಹೋಗುವುದಿಲ್ಲ. ಒಂದು. ಎರಡು. ಮೂರು. ಬಿಳಿ ಚುಕ್ಕಿಯೊಂದು ಗೆರೆ ಎಳೆದಂತೆ ಕತ್ತಲಲ್ಲಿ ಸಾಗುತ್ತಿತ್ತು.

"ತಿರುಗಿ! ತೂಕದಮ್ಮ, ತಿರುಗಿ! ಹಿಂದೆ ಇದಾನೆ! ಏನಾಯ್ತು ನಿಮ್ಗೆ?"

ಅತ್ತೆಯ ಬಲಗೈ ಮೌಸಿನ ಮೇಲೆ ಹಾಗೇ ಇತ್ತು. ಎಡಗೈ ಮೇಜಿನ ಅಂಚನ್ನು ಹಿಡಿದಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಬಾಯಿ ತೆರೆದಿತ್ತು. ಪರದೆ ಒಮ್ಮೆ ಬೆಳ್ಳಗೆ ಉರಿದು ಕಪ್ಪಾಯಿತು. ಹೊಟ್ಟೆಗೇ ಬಿದ್ದಿರಬೇಕು.

"ಅತ್ತೆ!"

"ಓಡ್ತಿದೆ ಕಣೇ," ಎಂದರು, ಅಷ್ಟು ಮೆಲ್ಲಗೆ. "ಒಳಗೆ. ನಿಲ್ತಾ ಇಲ್ಲ."

ಮಗುವನ್ನು ಚಾಪೆಯ ಮೇಲೆ ಬಿಟ್ಟೆ. ಅವಳು ಅಳತೊಡಗಿದಳು. ಅಳಲಿ, ಅಳುವ ಮಗು ಉಸಿರಾಡುತ್ತಿರುತ್ತದೆ. ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಆಸ್ಪತ್ರೆಯ ನಂಬರ್ ಇತ್ತು, ಅತ್ತೆಯ ಕೈಬರಹದಲ್ಲೇ, ವೇಬ್ರಿಡ್ಜಿನ ಚೀಟಿಯ ಮೇಲೆ ಬರೆಯುವ ಹಾಗೆ ದಪ್ಪ ದಪ್ಪ ಅಂಕಿ. ಮೂರು ದಿನದಿಂದ ಆ ಅಂಕಿಗಳನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಮುಚ್ಚಳ ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿಕೊಂಡೇ ಒತ್ತಿದೆ. ಬೆರಳು ಎರಡು ಸಲ ತಪ್ಪಿತು.

"ಯಾರಿಗೇ?" ಎಂದರು ಅತ್ತೆ. "ಭಾನುವಾರದಿಂದ ಅಂದಿದ್ನಲ್ಲ..."

"ನಾನು ಪುಕ್ಕಲಿ ಅತ್ತೆ. ನನ್ನ ಕೈಲಿ ಭಾನುವಾರದವರೆಗೆ ಆಗಲ್ಲ."

ಆ ಕಡೆ ಫೋನ್ ಎತ್ತಿದರು. ಒಬ್ಬ ಹೆಂಗಸಿನ ದನಿ. ಇಲ್ಲಿ ಕಂಪ್ಯೂಟರಿನಿಂದ ಮಾಸ್ಟ್ರು ಇನ್ನೂ ತೂಕದಮ್ಮ, ತೂಕದಮ್ಮ ಎಂದು ಕರೆಯುತ್ತಲೇ ಇದ್ದರು.

"ನಮ್ಮತ್ತೆ," ಎಂದೆ. "ಎದೆ ಓಡ್ತಿದೆ. ಬೆವರ್ತಿದಾರೆ. ದಿನಾ ತಗೊಳ್ಳೋ ಮಾತ್ರೆ ಬಿಟ್ಟು ಹನ್ನೊಂದು ದಿನ ಆಯ್ತು. ನನಗೆ ಗುರುವಾರವೇ ಗೊತ್ತಿತ್ತು."

ಕೊನೆಯ ಮಾತು ಫೋನಿನ ಆ ಹೆಂಗಸಿಗೆ ಬೇಕಿರಲಿಲ್ಲ. ಆದರೂ ಹೇಳಿದೆ.

ಅವರು ಮನೆ ಎಲ್ಲಿ, ಎಷ್ಟನೇ ಮಹಡಿ, ನೋವಿದೆಯಾ, ಮಾತಾಡ್ತಿದಾರಾ ಎಂದು ಒಂದರ ಹಿಂದೊಂದು ಕೇಳಿದರು. ಗಾಡಿ ಹೊರಟಿದೆ, ಇನ್ನು ಓಡಾಡಿಸಬೇಡಿ, ಒರಗಿಸಿ ಕೂರಿಸಿ ಎಂದರು. ವಯಸ್ಸು ಹೇಳಿದೆ, ಅರವತ್ತಮೂರು.

"ತೂಕ ಎಷ್ಟಿರಬಹುದು?"

ನನಗೆ ಗೊತ್ತಿರಲಿಲ್ಲ. ಊರಿನ ಲಾರಿಗಳನ್ನೆಲ್ಲ, ನನ್ನ ಮಗಳನ್ನು ವಾರವಾರ ತೂಗಿದವರನ್ನು ತೂಗಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ. ಫೋನ್ ಹಿಡಿದುಕೊಂಡು ಅತ್ತೆಯ ಮುಖ ನೋಡಿದೆ. ಅವರ ಕಣ್ಣು ಮುಚ್ಚಿತ್ತು. ತುಟಿ ಅಲುಗಿತು.

"ಐವತ್ತೆಂಟೂವರೆ," ಎಂದರು ಅತ್ತೆ. "ಬರ್ಕೊಳ್ಳೋಕೆ ಹೇಳು. ಖಾಲಿ ತೂಕ."

"ಐವತ್ತೆಂಟೂವರೆ," ಎಂದೆ ನಾನು ಫೋನಿಗೆ.

"ಗಾಡಿ ಬರೋವರೆಗೂ ಫೋನ್ ಇಡಬೇಡಿ," ಎಂದಿತು ಆ ದನಿ.

"ಇಡಲ್ಲ," ಎಂದೆ. ಇನ್ನೊಂದು ಕೈಯಿಂದ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಮೇಜಿನ ಅಂಚಿನಿಂದ ಬಿಡಿಸತೊಡಗಿದೆ.